ಜಗುಲಿಯ ಮೇಲಿನ ಐದನೆಯ ಚಾಕು

ಮದುವೆಯಾಗಿ ನಾಶಿಕಕ್ಕೆ ಬಂದ ಮೂರನೆಯ ದಿನ ನಮ್ಮ ಯಜಮಾನರು ನನ್ನನ್ನು ತಮ್ಮ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋದರು. ಅಳಿಯನಿಗೆ ಸ್ವಂತ ಕಾರ್ಖಾನೆ ಇದೆ ಎಂದು ನಮ್ಮಪ್ಪ ಭಾಲ್ಕಿಯ ತುಂಬ ಸಾರಿಕೊಂಡು ಬಂದಿದ್ದರು. ಹಾಗಾಗಿ ನಾನು ಚಿಮಣಿ, ಗೇಟು, ಗೇಟಿಗೊಬ್ಬ ದಪ್ಪ ಮೀಸೆಯ ಪಹರೆಯವನು ಎಲ್ಲವನ್ನೂ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ಕಂಡದ್ದು ಗೋದಾವರಿಯ ಘಾಟಿನ ಹಿಂದೆ, ತಾಮ್ರದ ಹಂಡೆ ಬಡಿಯುವವರ ಓಣಿಯಲ್ಲಿ, ತಗಡು ಹೊದೆಸಿದ ಒಂದೇ ಒಂದು ಕೋಣೆ. ಒಳಗೆ ಮೂರು ತೊಟ್ಟಿ, ಒಂದು ಮೋಟಾರು, ಮೂಗು ಸುಡುವ ಆಸಿಡ್ಡಿನ ವಾಸನೆ. ಪಹರೆಗೆ ಒಂದು ಬೆಕ್ಕು.

"ಇದೇನ್ರಿ ಕಾರ್ಖಾನಿ?" ಎಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲಿಂದ ಹೆಚ್ಚು ದೂರವೇನೂ ಹೋಗಿಲ್ಲ.

ಅವರು ಸೈಕಲ್ ಗಂಟೆಯ ಒಂದು ಕಬ್ಬಿಣದ ಮುಚ್ಚಳ ತೆಗೆದುಕೊಂಡು, ಉಜ್ಜಿ ತೊಳೆದು, ತಾಮ್ರದ ತಂತಿಗೆ ಸಿಕ್ಕಿಸಿ ಹಸಿರು ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟರು. "ಸ್ವಲ್ಪ ಕೂಡು," ಎಂದರು. ನಾನು ಬೆಕ್ಕಿನ ಪಕ್ಕ ಮುಖ ಊದಿಸಿಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಮುಚ್ಚಳವನ್ನು ಮೇಲೆತ್ತಿ, ಬಿಸಿನೀರಲ್ಲಿ ಅದ್ದಿ, ಮರದ ಹೊಟ್ಟಿನಲ್ಲಿ ಒಣಗಿಸಿ, ಗಿರಗಿರ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿದರು. ಆಮೇಲೆ ನನ್ನ ಕೈಗಿಟ್ಟರು. ಅದರಲ್ಲಿ ನನ್ನ ಮುಖವಿತ್ತು, ಮೂಗುತಿಯ ಸಮೇತ. ನೀರಿನೊಳಗೆ ಕರಗಿ ಕಣ್ಣಿಗೆ ಕಾಣದೆ ಇದ್ದ ನಿಕಲ್ ಎಂಬ ಲೋಹ ಕಬ್ಬಿಣಕ್ಕೆ ಬಂದು ಅಂಟಿ ಕನ್ನಡಿಯಾಗಿತ್ತು. ನಾನು ಬೆಕ್ಕಸ ಬೆರಗಾಗಿ ಕೂತುಬಿಟ್ಟೆ. ಅವತ್ತಿನಿಂದ ಅದನ್ನು ಕಾರ್ಖಾನೆ ಎಂದೇ ಕರೆದೆ.

"ಈ ನಿಕಲ್ ಎಷ್ಟು ದಪ್ಪ ಇರ್ತದ್ರಿ?" ಎಂದು ಕೇಳಿದಾಗ ಅವರು ಬುತ್ತಿಯಲ್ಲಿದ್ದ ಈರುಳ್ಳಿ ಸುಲಿದರು. ಎರಡು ಪದರಗಳ ನಡುವೆ ಒಂದು ತೆಳ್ಳನೆಯ ಪೊರೆ ಇರುತ್ತದಲ್ಲ, ಬೆರಳಿಗೆ ಅಂಟಿಕೊಂಡು ಬರುತ್ತದೆ, ಅದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದಕ್ಕಿಂತ ತೆಳು."

"ಹಂಗಂದ್ರ ನಾಳಿಗೇ ಕಿತ್ತು ಹೋಗಂಗಿಲ್ಲೇನು?"

"ಕೆಳಗ ಸ್ವಚ್ಛ ಇದ್ರ ಹೋಗಂಗಿಲ್ಲ."

ಸ್ವಚ್ಛ ಎಂದರೆ ಅವರ ಲೆಕ್ಕ ಬೇರೆ. ತೊಳೆದ ಕಬ್ಬಿಣವನ್ನು ತಿಳಿನೀರಲ್ಲಿ ಅದ್ದಿ ಮೇಲೆತ್ತಿದಾಗ ನೀರು ಅದರ ಮೈತುಂಬ ಒಂದೇ ಹಾಳೆಯಂತೆ ನಿಲ್ಲಬೇಕು. ಎಲ್ಲಾದರೂ ಬಿರಿದು ಹನಿಯಾಯಿತೋ, ಅಲ್ಲಿ ಜಿಡ್ಡಿದೆ ಎಂದು ಅರ್ಥ. ಒಮ್ಮೆ ಅವರು ತೊಳೆದಿಟ್ಟ ತುಂಡೊಂದನ್ನು ನಾನು ಸುಮ್ಮನೆ ಮುಟ್ಟಿದೆ. ತಲೆಗೆ ಎಣ್ಣೆ ಹಚ್ಚಿಕೊಂಡ ಕೈ. ಅವರು ಬೈಯಲಿಲ್ಲ, ಮತ್ತೆ ನೀರಲ್ಲಿ ಅದ್ದಿ ತೋರಿಸಿದರು. ಇಡೀ ಮೈಮೇಲೆ ನೀರು ಸಪಾಟಾಗಿ ನಿಂತಿತ್ತು, ನನ್ನ ಬೆರಳು ತಾಗಿದ ಜಾಗದಲ್ಲಿ ಮಾತ್ರ ದೂರ ಸರಿದಿತ್ತು. ನನ್ನ ಕಣ್ಣಿಗೆ ಕಾಣದ ಗುರುತು ನೀರಿಗೆ ಕಂಡಿತ್ತು. ಆಮೇಲೆ ಎಷ್ಟೋ ದಿನ ನಾನು ನನ್ನ ಬೆರಳನ್ನೇ ನೋಡಿಕೊಳ್ಳುತ್ತಿದ್ದೆ.

ಇದೆಲ್ಲ ಅರವತ್ತರ ದಶಕದ ಮಾತು. ಆ ದಶಕ ಮುಗಿಯುವ ಹೊತ್ತಿಗೆ ಸೈಕಲ್ಲಿನ ಸಾಮಾನು ದೊಡ್ಡ ಕಾರ್ಖಾನೆಗಳಿಂದಲೇ ಹೊಳೆಯುತ್ತ ಬರತೊಡಗಿ, ನಮ್ಮ ತೊಟ್ಟಿಗೆ ಕೆಲಸ ಕಡಿಮೆಯಾಯಿತು. ವಾರದಲ್ಲಿ ಎರಡು ದಿನ ಮೋಟಾರು ತಿರುಗಿದರೆ ಹೆಚ್ಚು. ಬೀದರಿನಲ್ಲಿ ಅವರ ಅಣ್ಣನ ಬಟ್ಟೆ ಅಂಗಡಿ ಇತ್ತು. ತೊಟ್ಟಿ ಮಾರಿ ಬಂದುಬಿಡು, ಗಲ್ಲೆಯ ಹತ್ತಿರ ಕೂಡು ಎಂದು ಅಣ್ಣ ಪ್ರತಿ ಕಾಗದದಲ್ಲೂ ಬರೆಯುತ್ತಿದ್ದರು. ಒಳ್ಳೆಯ ಮಾತೇ ಅದು. ಆದರೆ ಇವರು ಕಾಗದ ಓದಿದ ದಿನ ಊಟ ಮಾಡುತ್ತಿರಲಿಲ್ಲ.

"ಗಜಕಡ್ಡಿ ಹಿಡಿದು ಬಟ್ಟಿ ಅಳ್ಯೋದಂದ್ರ ನಾ ಸತ್ತಂಗೇ," ಎಂದು ಒಮ್ಮೆ ಅಂದರು. ಹೆಚ್ಚು ಮಾತಾಡುವ ಮನುಷ್ಯರಲ್ಲ. ಅಷ್ಟು ಅಂದಿದ್ದಕ್ಕೆ ನನಗೆ ಹೆದರಿಕೆಯಾಯಿತು.

ಆಗ ಔರಂಗಾಬಾದಿನಿಂದ ಕರೆ ಬಂತು. ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ, ನಮ್ಮ ಬಾಯಿಗೆ ಆಗ ಔರಂಗಾಬಾದು. ಅಲ್ಲಿ ಗುಲ್ಮಂಡಿ ಪೇಟೆಯಲ್ಲಿ ಬೀದರ್ ಕಡೆಯವರೇ ಒಬ್ಬ ಸಾವ್ಕಾರರು ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದರು. ಹಣೆತುಂಬ ವಿಭೂತಿ, ಮಾತು ಕಡ್ಡಿ ಮುರಿದಂತೆ. ಕಮ್ಮಾರರಿಂದ ಮಡಚುವ ಚಾಕು ಮಾಡಿಸಿ ಮರಾಠವಾಡ, ಬೀದರ್, ಕಲಬುರಗಿಯ ಸಂತೆಗಳಿಗೆಲ್ಲ ಕಳಿಸುತ್ತಿದ್ದರು. ರೈತರ ಕಿಸೆಯಲ್ಲಿ, ಮಾಸ್ತರರ ಕಿಸೆಯಲ್ಲಿ, ಎಲ್ಲರ ಕಿಸೆಯಲ್ಲೂ ಇರುವ ಬೆರಳುದ್ದದ ಚಾಕು. ಒಂದು ಮಳೆಗಾಲಕ್ಕೆ ಅವು ತುಕ್ಕು ಹಿಡಿಯುತ್ತಿದ್ದವು. ಅದಕ್ಕೆ ನಿಕಲ್ ಹಚ್ಚಿಸಬೇಕೆಂದು ಸಾವ್ಕಾರರು ಜನ ಹುಡುಕುತ್ತಿದ್ದರು. ಆ ಕೆಲಸ ಸಿಕ್ಕರೆ ವರ್ಷಪೂರ್ತಿ ನಮ್ಮ ಮೋಟಾರು ತಿರುಗುತ್ತಿತ್ತು. ಸಿಗದಿದ್ದರೆ ಗಜಕಡ್ಡಿ.

ದಸರೆಯ ಐದು ದಿನ ಮೊದಲು ಗಂಡಹೆಂಡತಿ ಇಬ್ಬರೂ ಹೋದೆವು. ಇವರು ನಮೂನೆಗೆಂದು ಐದು ಚಾಕುಗಳನ್ನು ಅಲಗು, ಹಿಡಿ ಎಲ್ಲಕ್ಕೂ ನಿಕಲ್ ಹಚ್ಚಿ ಒಯ್ದಿದ್ದರು. ಸಾವ್ಕಾರರು ಒಂದನ್ನು ತೆರೆದು, ಮಡಚಿ, ಬಿಸಿಲಿಗೆ ಹಿಡಿದು ನೋಡಿದರು.

"ಥಳಥಳ ಅಂತದ, ಖರೆ. ಅಂಗಡ್ಯಾಗ ಎಲ್ಲಾನೂ ಥಳಥಳ ಅಂತಾವ," ಎಂದರು. "ಈ ಐದನ್ನೂ ಐದು ಕೈಗೆ ಕೊಡ್ರಿ. ದಿನಾ ಬಳಸ್ಬೇಕು. ಮುಂದಿನ ದಸರಾಕ್ಕ ತಂದು ತೋರಸ್ರಿ. ಅಲಗಿನ ಬಾಯಿ ಸವೆದ್ರ ನಾ ಏನೂ ಅನ್ನಂಗಿಲ್ಲ, ಸಾಣಿ ಹಿಡಿದ್ರ ಅದು ಸವೀಲೇಬೇಕು. ಮೈಮ್ಯಾಲಿನ ನಿಕಲ್ ಮಾತ್ರ ಕಿತ್ತು ಏಳಬಾರ್ದು. ಐದರಾಗ ಒಂದು ಎದ್ರೂ ನನಗ ಬ್ಯಾಡ."

ಹೊರಡುವಾಗ ಮತ್ತೆ ಕರೆದು ಹೇಳಿದರು. "ಒಂದು ನಿಮ್ಮ ಮನ್ಯಾಗೇ ಇರ್ಲಿ. ಮಾಡಿದವ್ರ ಮನ್ಯಾಗ ತಾಳಲಾರದ್ದು ಮಂದಿ ಮನ್ಯಾಗ ಹೆಂಗ ತಾಳ್ತದ?"

ನಾಶಿಕಕ್ಕೆ ಬಂದು ನಾಲ್ಕು ಚಾಕು ಹಂಚಿದೆವು. ದಿಂಡೋರಿ ಕಡೆಯ ಒಬ್ಬ ದ್ರಾಕ್ಷಿ ತೋಟದ ರೈತನಿಗೆ ಒಂದು. ಬಸ್ ಸ್ಟ್ಯಾಂಡಿನ ಹತ್ತಿರ ಉಡುಪಿ ಕಡೆಯವರ ಹೋಟೆಲಿನ ಅಡಿಗೆಭಟ್ಟರಿಗೆ ಒಂದು. ತ್ರ್ಯಂಬಕೇಶ್ವರದ ಒಬ್ಬ ಪುರೋಹಿತರಿಗೆ ಒಂದು, ಅವರ ಪೂಜೆಯ ತಟ್ಟೆಗಳಿಗೆ ಇವರೇ ಬೆಳ್ಳಿಬಣ್ಣ ಏರಿಸಿಕೊಟ್ಟಿದ್ದರು. ಪಕ್ಕದ ಮನೆಯ ಶಾಲಾ ಮಾಸ್ತರರಿಗೆ ಒಂದು. ಐದನೆಯದನ್ನು ನನ್ನ ಅಂಗೈಯಲ್ಲಿಟ್ಟು, "ದಿನಾ ಬಳಸು," ಎಂದರು.

ನಾನು ಬಳಸಲಿಲ್ಲ. ಯಾಕೆ ಎಂದು ಹೇಳಬೇಕು. ನನ್ನದು ಒರಟು ಕೈ. ನನ್ನ ಕೈಯಲ್ಲಿ ಹಿತ್ತಾಳೆಯ ತಂಬಿಗೆಯೂ ನೆಗ್ಗುತ್ತಿತ್ತು, ಸಿಟ್ಟು ಬಂದ ದಿನ ಬೆಳಗುತ್ತಿದ್ದ ಪಾತ್ರೆಗಳ ಸದ್ದು ಘಾಟಿನವರೆಗೆ ಕೇಳುತ್ತದೆ ಎಂದು ಅತ್ತೆ ಚುಚ್ಚುತ್ತಿದ್ದರು. ಉಳಿದ ನಾಲ್ಕು ಚಾಕು ಏನಾಗುತ್ತವೋ ನಮ್ಮ ಕೈಯಲ್ಲಿಲ್ಲ. ಆದರೆ ಈ ಮನುಷ್ಯನ ಬದುಕು ಮುಳುಗಿದರೆ ಅದು ನನ್ನ ಚಾಕುವಿನಿಂದ ಮುಳುಗಬಾರದು. ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಎರಡು ದಿನಕ್ಕೆ ಖಂಡೇನವಮಿ ಬಂತು. ಅವತ್ತು ನಮ್ಮಲ್ಲಿ ಕೈಗೆ ಅನ್ನ ಕೊಡುವ ಸಾಮಾನುಗಳಿಗೆಲ್ಲ ಪೂಜೆ. ಇವರು ಮೋಟಾರಿಗೆ ಹೂ ಏರಿಸಲು ಹೋದರು. ನಾನು ಮನೆಯಲ್ಲಿ ಚಾಕುವನ್ನು ದೇವರ ಜಗುಲಿಯ ಮೇಲಿಟ್ಟು, ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು, ನೀರು ಚಿಮುಕಿಸಿದ ಬಿಲ್ವಪತ್ರೆ ಏರಿಸಿ ಕೈಮುಗಿದೆ. ಆಮೇಲೆ ಅದನ್ನು ಅಲ್ಲಿಂದ ತೆಗೆಯಲು ಮನಸ್ಸು ಬರಲಿಲ್ಲ. ದೇವರ ಹತ್ತಿರ ಇದ್ದ ವಸ್ತುವಿಗೆ ಏನಾದೀತು? ಪತ್ರೆಯ ಸಮೇತ ಒಂದು ಕೆಂಪು ಬಟ್ಟೆಯಲ್ಲಿ ಸುತ್ತಿ ಮೂಲೆಗೆ ಸರಿಸಿಟ್ಟೆ. ಪ್ರತಿ ಸೋಮವಾರ ಗಂಟು ಬಿಚ್ಚಿ ಅದೇ ರೀತಿ ವಿಭೂತಿ, ಕುಂಕುಮ, ಪತ್ರೆ. ತಕ್ಕಡಿಗೋ ಹೊಲಿಗೆ ಮಶೀನಿಗೋ ಪೂಜೆಯ ದಿನ ಹಚ್ಚಿದ ಕುಂಕುಮವನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರುವ ತನಕ ಬಿಡುತ್ತಾರೆ. ನಾನೂ ಒರೆಸಲಿಲ್ಲ. ಹಳೆಯದರ ಮೇಲೆ ಹೊಸದು ಹಚ್ಚುತ್ತ ಹೋದೆ. ಈರುಳ್ಳಿಯನ್ನು ಮೊದಲಿನಂತೆ ಈಳಿಗೆಯಲ್ಲೇ ಹೆಚ್ಚಿದೆ.

ಅವರು ಆಗಾಗ ಕೇಳುತ್ತಿದ್ದರು. "ಹೆಂಗದ ಚಾಕು?"

"ಥಳಥಳ ಅದ್ರಿ."

"ಬಳಸ್ಲತ್ತೀಯಿಲ್ಲೋ?"

"ಮತ್ತ? ಸುಮ್ನ ಇಟ್ಕೊಂಡು ಕೂಡ್ತಾರೇನು?"

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಒಂದು ಸಲ ಹೇಳಿದ ಮೇಲೆ ಅದನ್ನು ನಿಭಾಯಿಸಲೇಬೇಕಾಯಿತು. ಅವರು ಮತ್ತೇನೂ ಕೇಳುತ್ತಿರಲಿಲ್ಲ, ಹ್ಞೂಂ ಎಂದು ಎದ್ದು ಹೋಗುತ್ತಿದ್ದರು.

ಆ ವರ್ಷ ನಾಶಿಕದಲ್ಲಿ ಮಳೆ ಜೋರು. ಗೋದಾವರಿ ಘಾಟಿನ ಮೆಟ್ಟಿಲುಗಳನ್ನೆಲ್ಲ ನುಂಗಿಕೊಂಡಿತು, ನಮ್ಮ ಮನೆಯ ಗೋಡೆಯಲ್ಲಿ ನೀರು ಜಿನುಗಿತು, ಉಪ್ಪಿನ ಭರಣಿಯಲ್ಲಿ ಉಪ್ಪು ಕರಗಿತು. ಮಳೆ ಬಿದ್ದಾಗೆಲ್ಲ ನಾನು ಹೊರಗಿದ್ದ ಆ ನಾಲ್ಕು ಚಾಕುಗಳನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಿದ್ದೆ. ನನ್ನದಾದರೂ ಬೆಚ್ಚಗಿದೆ ಎಂದು ಸಮಾಧಾನ. ಶ್ರಾವಣದ ಕೊನೆಯಿಂದ ನಾನು ಗಂಟು ಬಿಚ್ಚುವುದನ್ನೂ ನಿಲ್ಲಿಸಿದೆ. ಬಟ್ಟೆಯ ಮೇಲಿಂದಲೇ ಕುಂಕುಮ ಹಚ್ಚಿ, ನೀರು ಚಿಮುಕಿಸಿ ಕೈಮುಗಿಯುತ್ತಿದ್ದೆ. ಒಳಗಿನ ಹೊಳಪನ್ನು ದಸರೆಗೇ ಒಟ್ಟಿಗೆ ನೋಡೋಣವೆಂಬ ಆಸೆ.

ದಸರೆಗೆ ಹತ್ತು ದಿನ ಇರುವಾಗ ಚಾಕು ಕೂಡಿಸಲು ಹೊರಟೆವು. ಮೊದಲು ದ್ರಾಕ್ಷಿ ತೋಟ. ರೈತ ಧೋತರದ ಸೆರಗಿನಿಂದ ಚಾಕು ತೆಗೆದು ಒರೆಸಿ ಕೊಟ್ಟ. ಬಳ್ಳಿಯ ಚಿಗುರು ಸವರಿದ್ದು, ಗೊನೆ ಕೊಯ್ದದ್ದು, ಹಗ್ಗ ಕತ್ತರಿಸಿದ್ದು, ತಂಬಾಕಿನ ಎಲೆ ಹೆಚ್ಚಿದ್ದು, ಎಲ್ಲ ಅದರಲ್ಲೇ ಎಂದು ಮರಾಠಿಯಲ್ಲಿ ಹೇಳಿದ. ದ್ರಾಕ್ಷಿಯ ರಸ ಕಬ್ಬಿಣಕ್ಕೆ ವಿಷವಿದ್ದಂತೆ ಎಂದು ನನಗೂ ಗೊತ್ತಿತ್ತು. ಆದರೆ ಚಾಕು ಹೊಳೆಯುತ್ತಿತ್ತು. ಹಿಡಿಯ ಒಂದು ಬದಿಯಲ್ಲಿ ಮಾತ್ರ, ಹೆಬ್ಬೆಟ್ಟು ಕೂರುವ ಜಾಗದಲ್ಲಿ, ಹುಣಸೆಬೀಜದಷ್ಟು ಅಗಲಕ್ಕೆ ನಿಕಲ್ ಇರಲಿಲ್ಲ.

ನಾನು ಆ ಜಾಗಕ್ಕೆ ಬೆರಳಿಟ್ಟು ಕೂಗಿದೆ. "ಎದ್ದದಲ್ರಿ!"

ಇವರು ಆ ಜಾಗದ ಅಂಚಿಗೆ ಉಗುರು ಹಾಕಿ ಕೆರೆದು ನೋಡಿದರು. ಉಗುರು ಎಲ್ಲೂ ತಡೆಯಲಿಲ್ಲ. ಮುಖ ಅರಳಿತು. "ಇದು ಎದ್ದದ್ದಲ್ಲ, ಸವೆದದ್ದು," ಎಂದರು. "ಎದ್ರ ಅಂಚು ಉಗುರಿಗೆ ಸಿಗ್ತದ. ಇದು ಅವನ ಕೈ ತಿಂದದ್ದು."

ನಾನು ಆ ರೈತನ ಹೆಬ್ಬೆಟ್ಟು ನೋಡಿದೆ. ಬಳ್ಳಿಯ ಸೊನೆಯಿಂದ ಕಪ್ಪಾಗಿ, ಬಿರುಕುಬಿಟ್ಟು, ಉಗುರು ಮುರಿದಿತ್ತು. ದ್ರಾಕ್ಷಿಯ ಹುಳಿಗೆ, ಮಳೆಗೆ, ಕಿಸೆಯ ಚಿಲ್ಲರೆಗೆ ಸೋಲದ ಲೋಹ ಈ ಚರ್ಮಕ್ಕೆ ಸೋತಿತ್ತು. ಅದೂ ಅವನಿಗೆ ಗೊತ್ತೇ ಇಲ್ಲದೆ, ದಿನಕ್ಕಿಷ್ಟು ಎಂದು. ಅವನು ನಮಗೆ ಒಂದು ಬುಟ್ಟಿ ತೊಂಡೆಕಾಯಿ ಕೊಟ್ಟ, ಅದನ್ನು ಹೊತ್ತುಕೊಂಡು ಬಸ್ಸಿಗೆ ಬಂದೆವು.

ಹೋಟೆಲಿನ ಭಟ್ಟರು ತಮ್ಮದನ್ನು ಲಿಂಬೆಹಣ್ಣಿನ ಬುಟ್ಟಿಯಿಂದ ಹೊರತೆಗೆದರು. "ಇದರ ಮುಖ ನೋಡಿ ಮಾರಾಯ್ರೆ, ನನ್ನದಕ್ಕಿಂತ ಚಂದ ಉಂಟು," ಎಂದರು. ಉಪ್ಪು, ಹುಳಿ, ಕೊಬ್ಬರಿ, ಹಸಿಮೆಣಸು ಎಲ್ಲ ಕಂಡ ಚಾಕು. ಸ್ವಲ್ಪ ಹಳದಿಗೆ ತಿರುಗಿತ್ತು, ಅಷ್ಟೆ. ತ್ರ್ಯಂಬಕದ ಪುರೋಹಿತರು ಬೀಗದ ಕೈಗಳ ಜೊತೆ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಅಲ್ಲಿ ಮಳೆಗಾಲದ ನಾಲ್ಕು ತಿಂಗಳು ಒಗೆದ ಬಟ್ಟೆ ಒಣಗುವುದಿಲ್ಲ. ಅವರ ಚಾಕುವಿನ ಮೈತುಂಬ ಬೀಗದ ಕೈ ಗೀರಿದ ಗೆರೆಗಳು, ಆದರೆ ಒಂದು ಗೆರೆಯೂ ಕಬ್ಬಿಣ ಮುಟ್ಟಿರಲಿಲ್ಲ. ಮಾಸ್ತರರದ್ದು ಕಪ್ಪಗಿತ್ತು. ನಾನು ಅಳುವುದೊಂದು ಬಾಕಿ. ಪಕ್ಕದ ಮನೆಯಾದ್ದರಿಂದ ಮುಲಾಜಿಲ್ಲದೆ, "ಏನ್ ಮಾಡಿ ಕುಂತೀರಿ ಸರ್?" ಎಂದು ಗದರಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪೆನ್ಸಿಲ್ ಮಸಿಯೆಲ್ಲ ಬಿಟ್ಟು, ಕೆಳಗೆ ನಿಕಲ್ ಹೊಸದರಂತೆ ನಗುತ್ತಿತ್ತು. ಮಾಸ್ತರರೂ ನಕ್ಕರು.

ನಾಲ್ಕು ಕೈ, ಒಂದು ವರ್ಷ, ಈರುಳ್ಳಿಯ ಪೊರೆಗಿಂತ ತೆಳುವಾದ ಒಂದು ಹೊದಿಕೆ. ಅದು ತಾಳಿತ್ತು. ಆ ನಾಲ್ಕನ್ನೂ ಮೊರದಲ್ಲಿಟ್ಟು ನೋಡುತ್ತ ನಾನು ಗಂಡನ ಕೈಗಳನ್ನು ನೋಡಿದೆ. ಆಸಿಡ್ಡಿನಿಂದ ಸುಕ್ಕಾದ ಕೈಗಳು. ಈ ಕೈ ಇಂಥದ್ದನ್ನು ಮಾಡಿತಲ್ಲ ಎಂದುಕೊಂಡೆ. ಎಂದೂ ಹಾಡದ ಮನುಷ್ಯ ಅವತ್ತು ಏನೋ ಗುನುಗುತ್ತ ಕೈತೊಳೆದು ಬಂದು, "ನಿಂದು ತಾ," ಎಂದರು.

ನಾನು ಬಾಗಿಲಲ್ಲಿ ನಿಂತು ಜಂಬದಿಂದಲೇ ಹೇಳಿದೆ. "ಬೈಬ್ಯಾಡ್ರಿ. ನಾ ಇದನ್ನ ಬಳಸಿಲ್ಲ. ದೇವರ ಬಾಜೂಕ ಇಟ್ಟಿದ್ದೆ. ನೋಡ್ರಿ, ಇದರ ಮುಂದ ನಾಲ್ಕೂ ನಾಚಬೇಕು."

ಕೆಂಪು ಬಟ್ಟೆ ಬಿಚ್ಚಿದೆ. ಒಳಪದರ ಚಾಕುವಿಗೆ ಅಂಟಿಕೊಂಡಿತ್ತು. ಎಳೆದೆ. ಒಣಗಿದ ಕುಂಕುಮದ ಹಕ್ಕಳೆ ಬಟ್ಟೆಯ ಜೊತೆ ಕಿತ್ತು ಬಂತು, ಅದರ ಬೆನ್ನಿಗೆ ನಿಕಲ್ಲಿನ ಚೂರುಗಳೂ ಬಂದವು. ಕುಂಕುಮದ ಬೊಟ್ಟಿದ್ದಲ್ಲಿ ಕಾಸಗಲ ತುಕ್ಕು. ವಿಭೂತಿ ಎಳೆದಲ್ಲಿ ಮೂರು ಮಾಸಲು ಗೆರೆ. ಪತ್ರೆ ಕೂತ ಕಡೆ ಹೊದಿಕೆ ಸಣ್ಣ ಸಣ್ಣ ಬೊಕ್ಕೆಯಾಗಿ ಎದ್ದಿತ್ತು. ಅಲಗು ತೆರೆಯಲು ಹೋದರೆ ತೆರೆಯಲಿಲ್ಲ.

ಇಡೀ ವರ್ಷ ಕಾಪಾಡಿದ್ದು ನಾನು, ಹಾಳು ಮಾಡಿದ್ದೂ ನಾನೇ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಕಿಟಕಿಯ ಹತ್ತಿರ ಕೂತು ಆ ಬೊಕ್ಕೆಗಳನ್ನು ಒಂದೊಂದಾಗಿ ನೋಡತೊಡಗಿದರು.

"ಇನ್ನೂ ಒಂದು ವಾರ ಅದ," ಎಂದೆ ನಾನು. "ಹೊಸಾ ಚಾಕು ತೊಗೊಂಡು ತೊಟ್ಟ್ಯಾಗ ಅದ್ದಿಬಿಡ್ರಿ. ನಾ ಎರಡು ದಿನ ಈರುಳ್ಳಿ ಹೆಚ್ಚಿ ಹಳೇದು ಮಾಡಿ ಕೊಡ್ತೀನಿ. ಯಾರಿಗ್ ಗೊತ್ತಾಗ್ತದ?"

"ಇದು ಯಾಕ ಎದ್ದದ ಅಂತ ನನಗೇ ಗೊತ್ತಿಲ್ಲ," ಎಂದರು. "ಹೊಸಾದೂ ಹಿಂಗೇ ಏಳ್ತದಲ್ಲ, ಅವಾಗೇನ್ ಮಾಡ್ಲಿ?"

ಔರಂಗಾಬಾದಿಗೆ ನಾನೂ ಬರುತ್ತೇನೆ, ತಪ್ಪು ನನ್ನದು, ನಾನೇ ಹೇಳುತ್ತೇನೆ ಎಂದು ಹಟ ಹಿಡಿದೆ. ಕೆಂಪು ಎಸ್.ಟಿ. ಬಸ್ಸಿನಲ್ಲಿ ಯೇವಲಾ, ವೈಜಾಪುರ ದಾಟಿ ಹೋಗುವ ದಾರಿಯುದ್ದಕ್ಕೂ ಐದು ಚಾಕುಗಳ ಗಂಟು ನನ್ನ ಮಡಿಲಲ್ಲಿತ್ತು. ಹೊರಗೆ ಜೋಳ, ಹತ್ತಿ, ಏನೇನೋ ಹಸಿರಾಗಿತ್ತು, ನನಗೆ ಏನೂ ಕಾಣಲಿಲ್ಲ. ಬೀದರಿನ ಅಂಗಡಿಯಲ್ಲಿ ಇವರು ಗಜಕಡ್ಡಿ ಹಿಡಿದು ನಿಂತದ್ದೇ ಕಾಣುತ್ತಿತ್ತು.

ಸಾವ್ಕಾರರು ಗಾದಿಯ ಮೇಲೆ ಬಿಳಿ ಬಟ್ಟೆ ಹಾಸಿ ಐದನ್ನೂ ಸಾಲಾಗಿ ಇಟ್ಟುಕೊಂಡರು. ದ್ರಾಕ್ಷಿ ತೋಟದ್ದನ್ನು ಬಹಳ ಹೊತ್ತು ಹಿಡಿದು, ತಮ್ಮ ಹೆಬ್ಬೆಟ್ಟನ್ನು ಆ ಸವೆದ ಜಾಗದಲ್ಲಿ ಇಟ್ಟು ನೋಡಿ, ತಲೆದೂಗಿದರು. ಹೋಟೆಲಿನದಕ್ಕೂ ಅಷ್ಟೆ. ತ್ರ್ಯಂಬಕದ್ದಕ್ಕೂ, ಮಾಸ್ತರರದ್ದಕ್ಕೂ ಅಷ್ಟೆ. ಐದನೆಯದನ್ನು ಎತ್ತಿದವರು ಕನ್ನಡಕ ಹಣೆಗೇರಿಸಿ ನಮ್ಮ ಕಡೆ ನೋಡಿದರು.

"ಇದು ಯಾರ ಕೈದು?"

ನಾನು ತಡೆಯಲಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಪೂಜೆ, ಸೋಮವಾರ, ಕೆಂಪು ಬಟ್ಟೆ, ದಿನಾ ಹೇಳಿದ ಸುಳ್ಳು, ಹೊಸದು ಮಾಡಿ ತರೋಣ ಎಂದದ್ದನ್ನು ಕೂಡ ಬಿಡಲಿಲ್ಲ. "ಇದು ನಂದು ತಪ್ಪುರಿ, ಅವರ ಕೆಲಸದ್ದಲ್ಲ. ಇದನ್ನ ಎಣಸಬ್ಯಾಡ್ರಿ," ಎಂದೆ. ಕಣ್ಣಲ್ಲಿ ನೀರು ಬಂದೇ ಬಂತು.

ಅಂಗಡಿಯ ತುಂಬ ಮರುದಿನದ ಪೂಜೆಗೆ ತೊಳೆದಿಟ್ಟ ತಕ್ಕಡಿ, ತೂಕದ ಕಲ್ಲು, ಸುತ್ತಿಗೆಗಳಿದ್ದವು. ಸಾವ್ಕಾರರು ಅವುಗಳ ಕಡೆ ಕೈ ತೋರಿಸಿದರು.

"ತಂಗೀ, ನಾಳೆ ನಾ ಇವಕ್ಕೆಲ್ಲ ಏನ್ ಹಚ್ಚಾಂವ? ನನ್ನ ಚಾಕು ಕೊಂಡವ್ರು ಅದಕ್ಕೇನ್ ಹಚ್ತಾರ? ಬೀದರಿಂದ ನಾಶಿಕತನ ಎಲ್ಲಾರ ಮನ್ಯಾಗೂ ಇದೇ ನಡೀತದ, ಯಾರೂ ಒರಸಂಗಿಲ್ಲ. ಆ ನಾಲ್ಕು ನಾ ಹೇಳಿದ ಪರೀಕ್ಷಾ. ಇದು ನನಗ ಹೊಳೀಲಾರದ ಪರೀಕ್ಷಾ. ಇದನ್ನ ಎಣಸದಿದ್ರ ಮತ್ತ್ಯಾವುದನ್ನ ಎಣಸ್ಲಿ?"

ಇವರು ಆಗ ಬಾಯಿ ಬಿಟ್ಟರು. ವಾರವಿಡೀ ಅದನ್ನೇ ಯೋಚಿಸಿದ್ದರಂತೆ. ಹೊದಿಕೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ತೆಳು ಸೀರೆ ಬೆಳಕಿಗೆ ಹಿಡಿದರೆ ಕಾಣುವಂತೆ. ದಿನಾ ಒರೆಸಿದರೆ ನೀರು ಅಲ್ಲಿ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಒದ್ದೆಯಾಗಿ ಮುಚ್ಚಿಟ್ಟರೆ ಅದು ಕೆಳಗಿಳಿದು ಕಬ್ಬಿಣವನ್ನು ತಿನ್ನುತ್ತದೆ, ಮೇಲಿನದು ಆಸರೆಯಿಲ್ಲದೆ ಏಳುತ್ತದೆ. ಮೊದಲು ತಾಮ್ರದ ಒಂದು ಹೊದಿಕೆ ಕೊಟ್ಟು ಅದರ ಮೇಲೆ ನಿಕಲ್ ಹಚ್ಚಿದರೆ ತೂತು ಮುಚ್ಚಬಹುದು. "ಇನ್ನೊಂದು ವರ್ಷ ಕೊಡ್ರಿ," ಎಂದರು. ಅವರು ಯಾರ ಹತ್ತಿರವೂ ಹಾಗೆ ಕೇಳಿಕೊಂಡದ್ದನ್ನು ನಾನು ನೋಡಿರಲಿಲ್ಲ.

"ವರ್ಷ ಕೊಟ್ಟೆ," ಎಂದರು ಸಾವ್ಕಾರರು. "ಅಲ್ಲಿತನ ಅಡಕತ್ತರಿ ಕಳಿಸ್ತೀನಿ, ಅವಕ್ಕ ಹಚ್ಚಿ ಕೊಡ್ರಿ. ಎಲಿಅಡಿಕಿ ತಿನ್ನೋವ್ರು ಅದನ್ನ ಪೂಜಾಕ್ಕ ಇಡೋವಷ್ಟು ಹೊತ್ತೂ ಕೈಬಿಡಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸಲ ಚಾಕು ಐದೂ ನೀನೇ ಪೂಜಾ ಮಾಡು ತಂಗೀ," ಎಂದರು.

ಮುಂದಿನ ದಸರೆಗೆ ಆ ಕೆಲಸ ನಮಗೆ ಬಂತು. ತಾಮ್ರದ ಮೇಲಿನ ನಿಕಲ್ ನನ್ನ ಕುಂಕುಮವನ್ನೂ ಪತ್ರೆಯನ್ನೂ ವರ್ಷಪೂರ್ತಿ ತಾಳಿಕೊಂಡಿತು. ತೊಟ್ಟಿ ಮೂರಿದ್ದದ್ದು ನಾಲ್ಕಾಯಿತು, ಎಪ್ಪತ್ತರ ದಶಕವಿಡೀ ಮೋಟಾರು ತಿರುಗಿತು, ಭಾವನವರ ಕಾಗದಗಳಲ್ಲಿ ಗಲ್ಲೆಯ ಮಾತು ನಿಂತಿತು. ಆದರೆ ನಾನು ಬರೆಯಲು ಕೂತದ್ದು ಮೊದಲ ಸಲ ವಾಪಸು ಬರುವಾಗ ಬಸ್ಸಿನಲ್ಲಿ ಆದದ್ದನ್ನು.

ವೈಜಾಪುರದಲ್ಲಿ ಬಸ್ಸು ನಿಂತಿತು. ಕಿಟಕಿಯ ಹೊರಗೆ ಒಬ್ಬ ಮುದುಕಿ ಪೇರಲಹಣ್ಣು ಮಾರುತ್ತಿದ್ದಳು. ಇವರು ಒಂದು ತೆಗೆದುಕೊಂಡು, ನನ್ನ ಮಡಿಲಿನ ಗಂಟಿಗೆ ಕೈಹಾಕಿ ಐದನೆಯ ಚಾಕುವನ್ನೇ ಹೊರತೆಗೆದರು. ಅಲಗು ಕಚ್ಚಿಕೊಂಡಿತ್ತು. ಉಗುರು ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದರು. ಕಿರ್ರೆಂದು ತೆರೆಯಿತು.

"ದೇವರದುರಿ ಅದು," ಎಂದೆ ನಾನು.

"ದೇ‌ವ್ರು ಒಂದು ವರ್ಷ ಇಟ್ಕೊಂಡು ನೋಡ್ಯಾನ. ಸಾಕು," ಎಂದು ಧೋತರಕ್ಕೆ ಒರೆಸಿ, ಹಣ್ಣನ್ನು ಎರಡು ಮಾಡಿದರು.

ನನಗೆ ತಡೆಯಲಾಗಲಿಲ್ಲ. "ಒಂದು ಮಾತರೆ ಬೈರಿ ನನಗ. ವರ್ಷಗಟ್ಲೆ ಸುಳ್ಳು ಹೇಳೀನಿ ನಿಮ್ಗ."

ಅವರು ಹಣ್ಣಿನ ಅರ್ಧವನ್ನು ನನ್ನ ಕೈಗಿಟ್ಟು ಕಿಟಕಿಯ ಕಡೆ ತಿರುಗಿದರು. "ದಿನಾ ಮುಂಜಾನಿ ಲಿಂಗಪೂಜಾಕ್ಕ ನಾ ಎಲ್ಲಿ ಕೂಡ್ತೀನಿ?" ಎಂದು ಕೇಳಿದರು.

ಜಗುಲಿಯ ಮುಂದೆ. ಕೆಂಪು ಗಂಟಿನಿಂದ ಎರಡು ಗೇಣು ದೂರದಲ್ಲಿ. ಇಡೀ ವರ್ಷ ಅದು ನನಗೆ ಹೊಳೆದೇ ಇರಲಿಲ್ಲ.

"ಗೊತ್ತಿತ್ತಾ ನಿಮ್ಗ?"

"ಮೊದಲ್ನೇ ಸೋಮವಾರದಿಂದ."

"ಮತ್ತ ಯಾಕ ಹೇಳ್ಲಿಲ್ಲ?" ನನಗೆ ಅಲ್ಲೇ ಸಿಟ್ಟು ನೆತ್ತಿಗೇರಿತು. "ಬಳಸ್ಲತ್ತೀಯಿಲ್ಲೋ ಅಂತ ದಿನಾ ಕೇಳಿ, ನನ್ನ ಬಾಯಿಂದ ಸುಳ್ಳು ಹೇಳಿಸಿದ್ರಲ್ಲ!"

ಬಸ್ಸು ಹೊರಟಿತು. ಅವರು ನನ್ನ ಕಡೆ ನೋಡದೆ ಹೇಳಿದರು. "ನನಗೂ ಅಂಜಿಕಿ ಇತ್ತು. ಐದರಾಗ ಒಂದರೆ ಬಳಸದ ಉಳೀಲಿ ಅಂತ ಅನಸ್ತಿತ್ತು. ನೀ ಇಟ್ಟಿದ್ದು ನೋಡಿ ಸಮಾಧಾನ ಆಗ್ತಿತ್ತು."

ಕೆಳಗೆ ಸ್ವಚ್ಛ ಇದ್ದರೆ ಹೋಗುವುದಿಲ್ಲ ಎಂದು ಅಷ್ಟು ಗಟ್ಟಿಯಾಗಿ ಹೇಳಿದ ಮನುಷ್ಯ. ನೀರಿನ ಹಾಳೆ ಬಿರಿದರೆ ಮೊದಲಿನಿಂದ ತೊಳೆಯುತ್ತಿದ್ದ ಮನುಷ್ಯ. ತನ್ನ ಕೈಯ ಕೆಲಸದ ಮೇಲೆ ಅವರಿಗೂ ನನ್ನಷ್ಟೇ ಭಯವಿತ್ತು, ಅದನ್ನು ವರ್ಷವಿಡೀ ನನ್ನ ಸುಳ್ಳಿನ ಹಿಂದೆ ಮುಚ್ಚಿಟ್ಟಿದ್ದರು. ಅವತ್ತು ಅವರ ಮೇಲೆ ಬಂದಷ್ಟು ಪ್ರೀತಿ ನನಗೆ ಅದಕ್ಕೂ ಮುಂಚೆ ಬಂದಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಪೇರಲಹಣ್ಣು ತಿಂದೆ.

ಮರುದಿನ ಬೆಳಿಗ್ಗೆಯಿಂದ ಆ ಚಾಕು ನನ್ನ ಅಡುಗೆಮನೆಗೆ ಬಂತು. ಈರುಳ್ಳಿ, ಹುಣಸೆ, ಬೆಲ್ಲ, ಮೊಮ್ಮಕ್ಕಳ ಗಾಳಿಪಟದ ದಾರ, ಐವತ್ತು ವರ್ಷಕ್ಕೂ ಮೇಲೆ ಅದು ಏನನ್ನು ಕೊಯ್ದಿಲ್ಲ! ಪ್ರತಿ ಸಲ ಸೆರಗಿಗೆ ಒರೆಸಿ ಇಡುತ್ತೇನೆ. ಅವತ್ತಿನ ತುಕ್ಕಿನ ಕಲೆ ಅವತ್ತಿದ್ದಷ್ಟೇ ಇದೆ, ಕೂದಲೆಳೆಯಷ್ಟೂ ಬೆಳೆದಿಲ್ಲ. ಆ ಕಲೆಯ ಸುತ್ತ ಮಿಕ್ಕ ನಿಕಲ್ ಇನ್ನೂ ಹೊಳೆಯುತ್ತದೆ, ಕನ್ನಡಕ ಹಾಕಿಕೊಂಡರೆ ಅದರಲ್ಲಿ ನನ್ನ ಮೂಗುತಿ ಕಾಣುತ್ತದೆ. ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಹೋದ ತಿಂಗಳು ಮೆಂತ್ಯದ ಸೊಪ್ಪು ಹೆಚ್ಚುವಾಗ ನೋಡಿದೆ, ಹಿಡಿಯ ಮೇಲೆ ಹೆಬ್ಬೆಟ್ಟು ಕೂರುವಲ್ಲಿ ಹುಣಸೆಬೀಜದಷ್ಟು ಜಾಗ ಬರಿದಾಗಿದೆ. ಅಂಚಿಗೆ ಉಗುರು ಹಾಕಿ ಕೆರೆದೆ. ಎಲ್ಲೂ ತಡೆಯಲಿಲ್ಲ. "ನೋಡ್ರಿ," ಎಂದು ಕೂಗಲು ತಿರುಗಿದೆ. "ಎದ್ದದ್ದಲ್ಲ, ಸವೆದದ್ದು."